ನೋಡಲು ಒಂದೇ, ಹಕ್ಕಿ ಎರಡು: ನೆಂಟ ಪ್ರಭೇದಗಳನ್ನು ಗುರುತಿಸುವುದು ಹೇಗೆ?

ಹಕ್ಕಿ ಹಾಡುತ್ತಿದೆ. ನೀವು ಫೋನ್ ಎತ್ತಿ ಹಿಡಿದಿದ್ದೀರಿ. ಪರದೆಯ ಮೇಲೆ ಒಂದು ಹೆಸರು ಬಂತು, ಖುಷಿಯಾಯಿತು. ಎರಡು ಕ್ಷಣ ಬಿಟ್ಟು ಅದರ ಕೆಳಗೆ ಇನ್ನೊಂದು ಹೆಸರು ಬಂತು. ಕೊಂಬೆಯ ಮೇಲೆ ಇರುವುದು ಮಾತ್ರ ಒಂದೇ ಹಕ್ಕಿ. ಈಗ ಯಾವ ಹೆಸರನ್ನು ನಂಬೋದು?

ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಸೌಲಭ್ಯ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ಬಂತು. ಅದಕ್ಕೂ ಮೊದಲು ಈ ಗೊಂದಲ ಹಕ್ಕಿ ನೋಡುವುದರಲ್ಲಿ ಪಳಗಿದವರಿಗೆ ಮಾತ್ರ ಇತ್ತು. ಈಗ ಬೈನಾಕ್ಯುಲರ್ ಮುಟ್ಟದವರಿಗೂ ಇದೆ. ಆ್ಯಪ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಕೆಲವು ಹಕ್ಕಿಗಳು ನಿಜಕ್ಕೂ ಅಷ್ಟು ಹತ್ತಿರದ ನೆಂಟರು. ಅವು ಒಂದೇ ಜಾಗದಲ್ಲಿ ಸೇರಿದಾಗ ತಜ್ಞರೂ ತಡವರಿಸುತ್ತಾರೆ.

ಹಾಗಂತ ದಾರಿಯೇ ಇಲ್ಲವೆಂದಲ್ಲ. ದಾರಿ ಇದೆ, ಒಂದೇ ಗುರುತನ್ನು ನೆಚ್ಚಿ ಕೂರಬಾರದು ಅಷ್ಟೆ.

ಮೊದಲು ಎರಡು ಪದಗಳ ಅರ್ಥ

ಪ್ರಭೇದ ಅಂದರೆ ತಮ್ಮತಮ್ಮಲ್ಲೇ ಜೋಡಿಯಾಗಿ ಮರಿ ಮಾಡುವ, ಆ ಮರಿಗಳೂ ಮುಂದೆ ಮರಿ ಮಾಡಬಲ್ಲ ಜೀವಿಗಳ ಗುಂಪು. ಇದು ಸ್ವಲ್ಪ ಒರಟು ವಿವರಣೆ. ಅಂಚಿನಲ್ಲಿ ಇದು ಹೇಗೆ ಸಡಿಲವಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಹಾಡುಹಕ್ಕಿ ಅಂದರೆ ಇಂಪಾಗಿ ಕೂಗುವ ಹಕ್ಕಿ ಎಂದಲ್ಲ. ಕೋಗಿಲೆ ಈ ಗುಂಪಿಗೆ ಸೇರುವುದಿಲ್ಲ, ಕಾಗೆ ಸೇರುತ್ತದೆ. ಅಚ್ಚರಿ ಅಲ್ವಾ? ಗಂಟಲೊಳಗಿನ ದನಿಯ ಅಂಗ ಹೇಗಿದೆ ಎನ್ನುವುದರ ಮೇಲೆ, ಹಕ್ಕಿಗಳ ವಂಶದ ಮೇಲೆ ಈ ಗುಂಪು ನಿಂತಿದೆ. ಜಗತ್ತಿನ ಹಕ್ಕಿ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಾಡುಹಕ್ಕಿಗಳೇ. ಇವುಗಳ ಒಂದು ಗುಣವನ್ನು ಮಾತ್ರ ಈಗಲೇ ನೆನಪಿಟ್ಟುಕೊಳ್ಳಿ: ಇವು ಹಾಡನ್ನು ಕಲಿಯುತ್ತವೆ. ಮಗು ಮನೆಯವರ ಮಾತು ಕೇಳಿ ಭಾಷೆ ಕಲಿಯುವ ಹಾಗೆ, ಮರಿಯೂ ಸುತ್ತಲಿನ ದೊಡ್ಡ ಹಕ್ಕಿಗಳನ್ನು ಕೇಳಿ ಹಾಡು ಕಲಿಯುತ್ತದೆ.

ನೆಂಟರು ಒಂದೇ ಊರಿಗೆ ಬಂದಿದ್ದು ಹೇಗೆ?

ಒಂದೇ ಹಕ್ಕಿಯ ದೊಡ್ಡ ಗುಂಪು ಇತ್ತು ಅಂದುಕೊಳ್ಳಿ. ನಡುವೆ ಹಿಮ ಹರಡಿತು, ಇಲ್ಲವೇ ಕಾಡು ಒಣಗಿ ಬಯಲಾಯಿತು. ಗುಂಪು ಎರಡು ತುಂಡಾಯಿತು. ಸಾವಿರಾರು ವರ್ಷ ಎರಡೂ ಕಡೆಯವರು ಭೇಟಿಯಾಗಲಿಲ್ಲ. ಒಂದು ಕಡೆ ಕೊಕ್ಕು ಸ್ವಲ್ಪ ಉದ್ದವಾಯಿತು, ಇನ್ನೊಂದು ಕಡೆ ಹಾಡಿನ ಧಾಟಿ ಬದಲಾಯಿತು. ಆಮೇಲೆ ಹಿಮ ಕರಗಿತು, ಕಾಡು ಮತ್ತೆ ಬೆಳೆಯಿತು, ಎರಡೂ ಗುಂಪುಗಳು ಹರಡುತ್ತಾ ಬಂದು ಎದುರುಬದುರಾದವು. ಆ ಹೊತ್ತಿಗೆ ಅವು ಬೇರೆಬೇರೆ ಆಗಿಬಿಟ್ಟಿದ್ದವು, ಇಲ್ಲವೇ ಆಗುವ ಹಾದಿಯಲ್ಲಿದ್ದವು.

ಹೀಗೆ ಎದುರಾದ ಮೇಲೆ ಎಲ್ಲ ಕಡೆ ಒಂದೇ ಥರ ಆಗುವುದಿಲ್ಲ. ಕೆಲವು ಜೋಡಿಗಳು ವಿಶಾಲ ಪ್ರದೇಶದಲ್ಲಿ ಅಕ್ಕಪಕ್ಕ ಬಾಳುತ್ತವೆ, ಬೆರೆಯುವುದೇ ಇಲ್ಲ. ಇನ್ನು ಕೆಲವು ಕಿರಿದಾದ ಒಂದು ಪಟ್ಟಿಯಲ್ಲಿ ಮಾತ್ರ ಸೇರುತ್ತವೆ, ಅಲ್ಲಿ ಬೆರಕೆಯೂ ಆಗುತ್ತದೆ. ಮತ್ತೆ ಕೆಲವು ಗೂಡು ಕಟ್ಟುವುದು ಬೇರೆಬೇರೆ ಕಡೆ, ಚಳಿಗಾಲ ಕಳೆಯಲು ಬರುವುದು ಮಾತ್ರ ಒಂದೇ ಕಾಡಿಗೆ. ನಿಮ್ಮ ಮುಂದಿರುವ ಜೋಡಿ ಇವುಗಳಲ್ಲಿ ಯಾವ ಬಗೆಯದು ಎಂದು ಮೊದಲೇ ತಿಳಿದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಕ್ಷೆ ಎಲ್ಲಿ ಕೈಕೊಡುತ್ತದೆ

ಬೇರೆ ಜಾಗಗಳಲ್ಲಿ ನಕ್ಷೆಯೇ ಅರ್ಧ ಉತ್ತರ. ಇಲ್ಲಿ ಈ ಪ್ರಭೇದ ಮಾತ್ರ ಇದೆ, ಹಾಗಾದರೆ ಇದು ಅದೇ. ಎರಡರ ವ್ಯಾಪ್ತಿಯೂ ಸೇರುವಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಆ ಗಡಿ ನಿಂತಲ್ಲಿ ನಿಲ್ಲುವುದೂ ಇಲ್ಲ.

ಉತ್ತರ ಅಮೆರಿಕದ ಚಿಕಡೀ ಹಕ್ಕಿಗಳನ್ನು ನೋಡಿ. ಹತ್ತು ಗ್ರಾಂ ಆಸುಪಾಸು ತೂಗುವ ಪುಟ್ಟ ಹಕ್ಕಿಗಳು. ಕಪ್ಪು ನೆತ್ತಿ, ಬಿಳಿ ಕೆನ್ನೆ, ಗಂಟಲಲ್ಲಿ ಕಪ್ಪು ಮಚ್ಚೆ. ಉತ್ತರದಲ್ಲಿ ಕಪ್ಪುನೆತ್ತಿ ಚಿಕಡೀ, ದಕ್ಷಿಣದಲ್ಲಿ ಕೆರೊಲಿನಾ ಚಿಕಡೀ. ಕಾನ್ಸಾಸ್‌ನಿಂದ ನ್ಯೂಜೆರ್ಸಿವರೆಗೆ ಹಾಯುವ ಒಂದು ಕಿರಿದಾದ ಪಟ್ಟಿಯಲ್ಲಿ ಎರಡೂ ಸೇರುತ್ತವೆ, ಬೆರೆಯುತ್ತವೆ. ಆ ಪಟ್ಟಿ ಹತ್ತು ವರ್ಷದಲ್ಲಿ ಸುಮಾರು 11 ಕಿಲೋಮೀಟರ್ ಉತ್ತರಕ್ಕೆ ಸರಿದಿದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚಳಿಗಾಲದ ಚಳಿ ಕಡಿಮೆಯಾದಂತೆ ದಕ್ಷಿಣದ ಹಕ್ಕಿ ಮುಂದೆ ಬರುತ್ತಿದೆ. ಇಪ್ಪತ್ತು ವರ್ಷ ಹಳೆಯ ಪುಸ್ತಕದ ನಕ್ಷೆ ಹಿಡಿದು ಹೊರಟರೆ ಆಗ ಉತ್ತರದ ಹಕ್ಕಿಯದ್ದಾಗಿದ್ದ ತೋಟದಲ್ಲಿ ಈಗ ದಕ್ಷಿಣದ ಹಕ್ಕಿ ಕೂತಿರಬಹುದು.

ಹಾಡು ಕೇಳಿದರೆ ಸಾಕಾ?

ಬಹಳ ಸಲ ಸಾಕು. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದರು. ಆ ಕಾಲದಲ್ಲಿ ಎಲೆಗಳ ನಡುವೆ ಓಡಾಡುವ ಹಸಿರು ಹಳದಿ ಬಣ್ಣದ ಪುಟ್ಟ ಹಕ್ಕಿಗಳಿಗೆಲ್ಲ ಸೇರಿ ಒಂದೇ ಹೆಸರಿತ್ತು. ವೈಟ್ ಕಿವಿಗೊಟ್ಟು ಕೇಳಿದರು. ಒಂದು ಹಕ್ಕಿ ಮೇಲಿನಿಂದ ಜಾರಿ ಇಳಿಯುವ ಹಾಗೆ ಹಾಡುತ್ತಿತ್ತು. ಇನ್ನೊಂದು ಎರಡೇ ಸ್ವರ ಹಿಡಿದು ಚಿಫ್ ಚಾಫ್, ಚಿಫ್ ಚಾಫ್ ಎನ್ನುತ್ತಿತ್ತು. ಮೂರನೆಯದು ಮರದ ತುದಿಯಲ್ಲಿ ಕೂತು ನಡುಗುವ ದನಿ ಹೊರಡಿಸುತ್ತಿತ್ತು. ಇವು ಮೂರು ಬೇರೆಬೇರೆ ಹಕ್ಕಿಗಳು ಎಂದು 1768ರ ಒಂದು ಪತ್ರದಲ್ಲಿ ಅವರು ಖಚಿತವಾಗಿ ಬರೆದರು. ಇವತ್ತು ಅವನ್ನು ವಿಲೋ ವಾರ್ಬ್ಲರ್, ಚಿಫ್‌ಚಾಫ್, ವುಡ್ ವಾರ್ಬ್ಲರ್ ಎನ್ನುತ್ತೇವೆ. ಬೈನಾಕ್ಯುಲರ್ ಇಲ್ಲ, ರೆಕಾರ್ಡರ್ ಇಲ್ಲ. ಬರೀ ಕಿವಿ ಮತ್ತು ತಾಳ್ಮೆಯಿಂದ ಆದ ಕೆಲಸ ಇದು. ನನಗೆ ಇದನ್ನು ನೆನೆದಾಗಲೆಲ್ಲ ಅವರ ಮೇಲೆ ಗೌರವ ಉಕ್ಕುತ್ತದೆ.

ಆದರೆ ಎರಡು ಪ್ರಭೇದಗಳು ಬೆರೆತು ಬಾಳುವಲ್ಲಿ ಹಾಡೇ ದಾರಿ ತಪ್ಪಿಸಬಹುದು. ಹಾಡು ಕಲಿತದ್ದು ಅಂತ ಹೇಳಿದೆನಲ್ಲ, ಕಾರಣ ಅದೇ. ಅಕ್ಕಪಕ್ಕದ ಮನೆಯಲ್ಲಿ ಬೇರೆ ಭಾಷೆಯವರಿದ್ದರೆ ಮಕ್ಕಳು ಎರಡೂ ಭಾಷೆ ಕಲಿತುಬಿಡುತ್ತಾರೆ. ಹಕ್ಕಿಯೂ ಹಾಗೇ.

ಅಮೆರಿಕದ ಹುಲ್ಲುಗಾವಲುಗಳಲ್ಲಿ ಮೆಡೋಲಾರ್ಕ್ ಎಂಬ ಹಳದಿ ಎದೆಯ ಹಕ್ಕಿಗಳಿವೆ. ಎದೆಯ ಮೇಲೆ ಕಪ್ಪು ಹಾರದಂಥ ಗುರುತು. ಪೂರ್ವದ್ದೊಂದು, ಪಶ್ಚಿಮದ್ದೊಂದು. ಪೂರ್ವದ ಹಕ್ಕಿ ಸರಳವಾಗಿ, ತೇಲಿಸಿ ಸಿಳ್ಳೆ ಹಾಕುತ್ತದೆ. ಪಶ್ಚಿಮದ್ದು ಕೊಳಲಿನ ಹಾಗೆ, ಸ್ವರಗಳನ್ನು ಗುಳುಗುಳು ಉರುಳಿಸುತ್ತದೆ. ದೂರದಿಂದ ಕೇಳಿದರೂ ಗೊತ್ತಾಗುವಷ್ಟು ವ್ಯತ್ಯಾಸ. ಆದರೂ ಎರಡೂ ಸೇರುವ ಪ್ರದೇಶದಲ್ಲಿ ಬೆಳೆದ ಕೆಲವು ಗಂಡುಗಳು ಪಕ್ಕದವರ ಹಾಡು ಹಾಡುತ್ತವೆ. ಕೆಲವು ಎರಡನ್ನೂ ಹಾಡುತ್ತವೆ. ಅಂಥ ಹಕ್ಕಿಯ ಹಾಡನ್ನು ಫೋನ್ ಸರಿಯಾಗಿಯೇ ಕೇಳಿಸಿಕೊಂಡಿರುತ್ತದೆ, ಹೆಸರು ಮಾತ್ರ ತಪ್ಪಿರುತ್ತದೆ.

ಆಗ ಏನು ಮಾಡೋದು? ಕೂಗನ್ನು ಕೇಳಬೇಕು. ಹಾಡು ಬೇರೆ, ಕೂಗು ಬೇರೆ. ಹಾಡು ಉದ್ದವಾದದ್ದು. ಹೆಚ್ಚಾಗಿ ಗಂಡು ಹಕ್ಕಿ ಜೋಡಿಗಾಗಿ, ಜಾಗಕ್ಕಾಗಿ ಹಾಡುತ್ತದೆ. ಕೂಗು ಚಿಕ್ಕದು. ಬೆದರಿದಾಗ, ಕರೆಯುವಾಗ ಬಾಯಿಂದ ಥಟ್ಟನೆ ಬರುವಂಥದ್ದು. ಮೆಡೋಲಾರ್ಕ್‌ಗಳ ಹಾಡು ಕಲಿತು ಬರುತ್ತದೆ, ಕೂಗು ಹುಟ್ಟಿನಿಂದಲೇ ಬರುತ್ತದೆ. ಮನುಷ್ಯ ಎಷ್ಟು ಭಾಷೆ ಕಲಿತರೂ ಸೀನು ಮಾತ್ರ ಬದಲಾಗುವುದಿಲ್ಲ ನೋಡಿ, ಹಾಗೆ. ಪಶ್ಚಿಮದ ಹಕ್ಕಿ ತಗ್ಗು ದನಿಯಲ್ಲಿ ಚಪ್ ಎನ್ನುತ್ತದೆ. ಪೂರ್ವದ್ದು ಝರ್ಟ್ ಎಂದು ಗರಗರ ಸದ್ದು ಮಾಡುತ್ತದೆ. ಹಾಡು ಮರೆಮಾಚಿದ್ದನ್ನು ಈ ಒಂದು ಚೂರು ಸದ್ದು ಹೇಳಿಬಿಡುತ್ತದೆ.

ಚಿಕಡೀಗಳ ಕಥೆಯೂ ಇದೇ. ಕಪ್ಪುನೆತ್ತಿಯದ್ದು ಎರಡು ಸ್ವರದ ಸಿಳ್ಳೆ, ಕೆರೊಲಿನಾದ್ದು ಸಾಮಾನ್ಯವಾಗಿ ನಾಲ್ಕು ಸ್ವರದ್ದು. ಬೆರಕೆ ಪಟ್ಟಿಯಲ್ಲಿ ಒಂದೇ ಹಕ್ಕಿ ಎರಡನ್ನೂ ಹಾಡುವುದುಂಟು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಒಂದಿದೆ. ಆಲ್ಡರ್ ಮತ್ತು ವಿಲೋ ಎಂಬ ಎರಡು ಅಮೆರಿಕದ ನೊಣಹಿಡುಕಗಳನ್ನು 1973ರವರೆಗೆ ಒಂದೇ ಪ್ರಭೇದ ಎಂದು ಎಣಿಸುತ್ತಿದ್ದರು. ಕೈಯಲ್ಲಿ ಹಿಡಿದು ನೋಡಿದರೂ ಬೇರೆ ಮಾಡುವುದು ಕಷ್ಟ. ಆದರೆ ಇವು ನಿಜವಾದ ಹಾಡುಹಕ್ಕಿಗಳಲ್ಲ, ಪಕ್ಕದ ವಂಶದವು. ಇವುಗಳ ಹಾಡು ಕಲಿತದ್ದಲ್ಲ. ಪಕ್ಕದವರ ಹಾಡು ಕೇಳಿಸುತ್ತಾ ಬೆಳೆಸಿದರೂ ಮರಿ ತನ್ನ ಪ್ರಭೇದದ ಹಾಡನ್ನೇ ಹಾಡುತ್ತದೆ. ಅದಕ್ಕೇ ಇಲ್ಲಿ ಹಾಡನ್ನು ಕಣ್ಣು ಮುಚ್ಚಿ ನಂಬಬಹುದು.

ಬಣ್ಣಕ್ಕಿಂತ ಆಕಾರ

ಹೊಸಬರು ಮೊದಲು ಬಣ್ಣ ನೋಡುತ್ತಾರೆ. ಸಹಜ. ಆದರೆ ಬಣ್ಣ ಬಿಸಿಲಿಗೆ ಮಾಸುತ್ತದೆ, ನೆರಳಲ್ಲಿ ಬದಲಾಗುತ್ತದೆ, ಎಲೆಯ ಹಸಿರು ಹೊಟ್ಟೆಯ ಮೇಲೆ ಬಿದ್ದರೆ ಬಿಳಿ ಹಕ್ಕಿಯೂ ಹಸಿರಾಗಿ ಕಾಣುತ್ತದೆ. ಗರಿಗಳ ಅಂಚು ಸವೆಯುತ್ತದೆ. ಕಪ್ಪುನೆತ್ತಿ ಚಿಕಡೀಯ ರೆಕ್ಕೆಯಲ್ಲಿ ಎದ್ದು ಕಾಣುವ ಬಿಳಿ ಅಂಚು ಬೇಸಿಗೆಯ ಕೊನೆಗೆ ಎಷ್ಟೋ ಸವೆದಿರುತ್ತದೆ. ಆಗ ಅದು ಕೆರೊಲಿನಾದ ಹಾಗೆಯೇ ಕಾಣುತ್ತದೆ.

ಅವಳಿ ಮಕ್ಕಳನ್ನು ಅವರ ತಾಯಿ ಅಂಗಿಯ ಬಣ್ಣ ನೋಡಿ ಗುರುತಿಸುವುದಿಲ್ಲ. ನಡಿಗೆ, ನಿಲ್ಲುವ ರೀತಿ, ಮುಖದ ಒಂದು ಗೆರೆ ಸಾಕು. ಹಕ್ಕಿಗೂ ಅದೇ ಕ್ರಮ. ಸುಲಭಕ್ಕೆ ಬದಲಾಗದ್ದನ್ನು ಮೊದಲು ನೋಡಬೇಕು.

ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಎರಡು ಸೂರಕ್ಕಿಗಳು ಒಟ್ಟಿಗೆ ಇವೆ. ಒಂದು ನೇರಳೆ ಸೂರಕ್ಕಿ, ಇನ್ನೊಂದು ಲೋಟನ್ ಸೂರಕ್ಕಿ. ಎರಡನೆಯದಕ್ಕೆ 18ನೇ ಶತಮಾನದಲ್ಲಿ ಸಿಲೋನಿನಲ್ಲಿ ಡಚ್ ಗವರ್ನರ್ ಆಗಿದ್ದ ಲೋಟನ್ ಅವರ ಹೆಸರು. ಎರಡರ ಗಂಡುಗಳೂ ದೂರದಿಂದ ಕಪ್ಪು. ಬಿಸಿಲು ಬಿದ್ದರೆ ನೇರಳೆ, ಹಸಿರು, ನೀಲಿ ಎಲ್ಲ ಹೊಳೆಯುತ್ತದೆ. ಈ ಹೊಳಪು ಗರಿಯೊಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಡಿದು ಹುಟ್ಟುವಂಥದ್ದು. ಹಕ್ಕಿ ಕತ್ತು ತಿರುಗಿಸಿದರೆ ಬಣ್ಣವೂ ತಿರುಗುತ್ತದೆ. ಹಾಗಾಗಿ ಹೊಳಪನ್ನು ನಂಬಿ ಪ್ರಯೋಜನವಿಲ್ಲ.

ಹೂವಿನ ಮೇಲೆ ಕೂತಾಗ ಪಕ್ಕದಿಂದ ಕೊಕ್ಕು ನೋಡಿ. ನೇರಳೆ ಸೂರಕ್ಕಿಯ ಕೊಕ್ಕು ಹದವಾದ ಉದ್ದ, ಹದವಾದ ಬಾಗು. ಲೋಟನ್ ಸೂರಕ್ಕಿಯದ್ದು ತಲೆಗೆ ಹೋಲಿಸಿದರೆ ಅತಿ ಎನಿಸುವಷ್ಟು ಉದ್ದ, ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದೆ. ಒಮ್ಮೆ ಎರಡನ್ನೂ ನೋಡಿದವರಿಗೆ ಮತ್ತೆ ಮರೆಯುವುದಿಲ್ಲ. ಕೊಕ್ಕಿನಿಂದ ಸಂದೇಹ ಬಂದ ಮೇಲೆ ಹೊಟ್ಟೆಗೆ ಬನ್ನಿ. ಲೋಟನ್ ಗಂಡಿನ ಎದೆಯಲ್ಲಿ ಕಂದುಗೆಂಪು ಪಟ್ಟಿ, ಅದರ ಕೆಳಗೆ ಹೊಟ್ಟೆ ಮಸಿಗಂದು, ಹೊಳಪಿಲ್ಲ. ನೇರಳೆ ಗಂಡು ಕೆಳಗಿನವರೆಗೂ ಕಡುಗಪ್ಪಾಗಿಯೇ ಕಾಣುತ್ತದೆ. ಹೆಣ್ಣುಗಳಲ್ಲಿ ಈ ಪಟ್ಟಿ ಇಲ್ಲ, ಎರಡೂ ಹಳದಿ ಹೊಟ್ಟೆಯವು. ಅಲ್ಲಿ ಕೊಕ್ಕೇ ದೊಡ್ಡ ಆಸರೆ.

ಇನ್ನೊಂದು ಗುರುತು ಸ್ವಲ್ಪ ಸೂಕ್ಷ್ಮವಾದದ್ದು, ಆದರೆ ಕಲಿತರೆ ಬಹಳ ಕೆಲಸಕ್ಕೆ ಬರುತ್ತದೆ. ವೈಟ್ ನೋಡಿದ ವಿಲೋ ವಾರ್ಬ್ಲರ್ ಮತ್ತು ಚಿಫ್‌ಚಾಫ್‌ಗೇ ಬರೋಣ. ಹಾಡದೆ ಸುಮ್ನೆ ಕೂತರೆ ಇವೆರಡೂ ಒಂದೇ. ಮಡಿಸಿದ ರೆಕ್ಕೆಯನ್ನು ಗಮನಿಸಿ. ಬೆನ್ನಿನ ಹತ್ತಿರದ ಗರಿಗಳು ಹೆಂಚಿನ ಹಾಗೆ ಮೇಲೆ ಹೊದ್ದಿರುತ್ತವೆ. ಅವುಗಳ ಕೆಳಗಿಂದ ಹಾರುವ ಉದ್ದ ಗರಿಗಳ ತುದಿ ಹೊರಗೆ ಚಾಚಿರುತ್ತದೆ. ಆ ಚಾಚು ಎಷ್ಟು ಉದ್ದವಿದೆ ಎನ್ನುವುದೇ ಗುರುತು. ವಿಲೋ ವಾರ್ಬ್ಲರ್‌ನಲ್ಲಿ ಜಾಸ್ತಿ, ಚಿಫ್‌ಚಾಫ್‌ನಲ್ಲಿ ಕಡಿಮೆ. ಇದಕ್ಕೆ ಕಾರಣವೂ ಇದೆ. ವಿಲೋ ವಾರ್ಬ್ಲರ್ ಚಳಿಗಾಲಕ್ಕೆ ಸಹಾರಾ ದಾಟಿ ಆಫ್ರಿಕಾದ ಒಳಗೆ ಹೋಗುತ್ತದೆ. ಯುರೋಪಿನ ಚಿಫ್‌ಚಾಫ್‌ಗಳಲ್ಲಿ ಬಹಳಷ್ಟು ಮೆಡಿಟರೇನಿಯನ್ ಸುತ್ತಮುತ್ತಲೇ ನಿಲ್ಲುತ್ತವೆ. ದೂರ ಹಾರುವ ಹಕ್ಕಿಗೆ ಉದ್ದ ರೆಕ್ಕೆ ಬೇಕು. ಜೊತೆಗೆ ಚಿಫ್‌ಚಾಫ್‌ನ ಕಾಲು ಸಾಮಾನ್ಯವಾಗಿ ಕಪ್ಪು, ವಿಲೋದ್ದು ತಿಳಿಗಂದು. ಚಿಫ್‌ಚಾಫ್ ಬಾಲವನ್ನು ಕೆಳಕ್ಕೆ ಕುಕ್ಕುತ್ತಲೇ ಇರುತ್ತದೆ. ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ಧೈರ್ಯವಾಗಿ ಹೆಸರು ಬರೆಯಬಹುದು.

ತಜ್ಞರು ಎಷ್ಟು ಕಾಲ ಏಮಾರಿದ್ದರು ಎನ್ನುವುದಕ್ಕೂ ಒಂದು ಸಾಕ್ಷಿ ಇದೆ. ಬ್ರಿಟನ್ನಿನಲ್ಲಿ ಮಾರ್ಷ್ ಟಿಟ್ ಜೊತೆಗೆ ವಿಲೋ ಟಿಟ್ ಎಂಬ ಇನ್ನೊಂದು ಹಕ್ಕಿಯೂ ಇದೆ ಎಂದು ಗೊತ್ತಾಗಿದ್ದು 1897ರಲ್ಲಿ. ಅದೂ ಕಾಡಿನಲ್ಲಿ ಅಲ್ಲ. ಮ್ಯೂಸಿಯಂನಲ್ಲಿ ಮಾರ್ಷ್ ಟಿಟ್ ಎಂದು ಇಟ್ಟಿದ್ದ ಚರ್ಮಗಳ ನಡುವೆ ಅದು ಸಿಕ್ಕಿತು.

ಬೆರಕೆ ಹಕ್ಕಿ ಬಂದರೆ

ಎರಡು ಪ್ರಭೇದದ ಹಕ್ಕಿಗಳು ಜೋಡಿಯಾದರೆ ಹುಟ್ಟುವುದು ಬೆರಕೆ ಮರಿ. ಮೆಡೋಲಾರ್ಕ್‌ಗಳಲ್ಲಿ ಇದು ಅಪರೂಪ. ಪಂಜರದಲ್ಲಿ ಬೆಳೆಸಿದ ಬೆರಕೆ ಹಕ್ಕಿಗಳು ಇಟ್ಟ ಮೊಟ್ಟೆಗಳು ಹೆಚ್ಚುಕಡಿಮೆ ಎಲ್ಲವೂ ಬರಡಾಗಿದ್ದವು. ಅಂದರೆ ಆ ಎರಡು ಪ್ರಭೇದಗಳ ನಡುವೆ ಗೋಡೆ ಗಟ್ಟಿಯಾಗಿದೆ. ಚಿಕಡೀಗಳಲ್ಲಿ ಗೋಡೆ ಅಷ್ಟು ಗಟ್ಟಿಯಿಲ್ಲ. ಬೆರಕೆ ಪಟ್ಟಿಯಲ್ಲಿ ಮೊಟ್ಟೆಯೊಡೆದು ಹೊರಬರುವ ಮರಿಗಳು ಕಡಿಮೆ, ಆದರೂ ಬೆರಕೆ ಹಕ್ಕಿಗಳು ಬದುಕಿ ಮರಿ ಮಾಡುತ್ತವೆ. ಅಲ್ಲಿ ಕಾಣುವ ಹಕ್ಕಿಯೊಂದರಲ್ಲಿ ಎರಡೂ ಕಡೆಯ ರಕ್ತ ಎಷ್ಟೆಷ್ಟು ಎಂದು ಕಣ್ಣಳತೆಯಲ್ಲಿ ಹೇಳಲು ಆಗುವುದೇ ಇಲ್ಲ. ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಬೇಕು.

ಬೆರಕೆ ನಷ್ಟದ ಬಾಬತ್ತು ಆದಾಗ ಹಕ್ಕಿಗಳೇ ವ್ಯತ್ಯಾಸವನ್ನು ಎದ್ದು ಕಾಣಿಸುವುದೂ ಉಂಟು. ಯುರೋಪಿನಲ್ಲಿ ಪೈಡ್ ಮತ್ತು ಕಾಲರ್ಡ್ ಎಂಬ ಎರಡು ನೊಣಹಿಡುಕಗಳಿವೆ. ಇವು ನಿಜವಾದ ಹಾಡುಹಕ್ಕಿಗಳೇ. ಎರಡರ ಗಂಡೂ ಕಪ್ಪುಬಿಳುಪು. ಇವುಗಳ ಬೆರಕೆಯಲ್ಲಿ ಹೆಣ್ಣುಗಳು ಬಂಜೆ. ಆದರೆ ಎರಡೂ ಸೇರಿ ಬಾಳುವ ಕಡೆ ಪೈಡ್ ಗಂಡುಗಳು ಕಪ್ಪಾಗಿರದೆ ಕಂದು ಬಣ್ಣಕ್ಕೆ ತಿರುಗಿವೆ. ನೆರೆಯವರಿಂದ ಬೇರೆಯಾಗಿ ಕಾಣುವ ಗಂಡನ್ನು ಹೆಣ್ಣು ಆರಿಸಿದರೆ ತಪ್ಪು ಜೋಡಿ ಆಗುವುದಿಲ್ಲ, ತಲೆಮಾರುಗಳು ಕಳೆದಂತೆ ಅಂಥ ಗಂಡುಗಳೇ ಹೆಚ್ಚುತ್ತವೆ. ಈ ಅಧ್ಯಯನ 1997ರಲ್ಲಿ ಹೊರಬಂತು. ನಮಗೆ ಇದರಿಂದ ಸಿಗುವ ಪಾಠ ನೇರವಾದದ್ದು: ಬೇರೆ ಊರಿನಲ್ಲಿ ಕಲಿತ ಗುರುತು ಸೇರುವ ಗಡಿಯಲ್ಲಿ ಹಾಗೇ ಹೊಂದುತ್ತದೆ ಅಂತ ಇಲ್ಲ.

ಪ್ರಭೇದ ಎಂಬ ಗೆರೆಯೇ ಮಸುಕಾಗುವ ಜಾಗವೂ ಒಂದಿದೆ. ಗ್ರೀನಿಶ್ ವಾರ್ಬ್ಲರ್ ಎಂಬ ಪುಟ್ಟ ಹಸಿರು ಹಕ್ಕಿ ಟಿಬೆಟ್ ಪ್ರಸ್ಥಭೂಮಿಯ ಸುತ್ತ ಉಂಗುರದ ಹಾಗೆ ಹರಡಿದೆ. ಹಿಮಾಲಯದಿಂದ ಪಶ್ಚಿಮದ ದಾರಿಯಲ್ಲಿ ಹೋದರೂ ಪೂರ್ವದ ದಾರಿಯಲ್ಲಿ ಹೋದರೂ ಹಾಡು ಸ್ವಲ್ಪಸ್ವಲ್ಪವೇ ಬದಲಾಗುತ್ತಾ ಹೋಗುತ್ತದೆ. ಉತ್ತರದಲ್ಲಿ, ಸೈಬೀರಿಯಾದಲ್ಲಿ, ಎರಡು ತುದಿಗಳೂ ಸೇರುತ್ತವೆ. ಅಲ್ಲಿ ಅವು ಒಂದನ್ನೊಂದು ತಮ್ಮವರೆಂದು ಗುರುತಿಸುವುದಿಲ್ಲ, ಜೋಡಿಯಾಗುವುದಿಲ್ಲ. ದಾರಿಯುದ್ದಕ್ಕೂ ಎಲ್ಲಿ ಗೆರೆ ಎಳೆಯೋದು? ಪಕ್ಷಿತಜ್ಞರ ನಡುವೆ ಈ ಮಾತು ಇನ್ನೂ ನಡೆಯುತ್ತಿದೆ.

ಹಕ್ಕಿ ಮುಂದೆ ಇದ್ದಾಗ

ಸಿಗುವುದು ಹತ್ತು ಹದಿನೈದು ಸೆಕೆಂಡು. ಪುಸ್ತಕ ತೆರೆಯಲು ಹೋಗಬೇಡಿ, ಅಷ್ಟರಲ್ಲಿ ಹಕ್ಕಿ ಇರುವುದಿಲ್ಲ. ಮೊದಲು ಕೊಕ್ಕು, ಆಮೇಲೆ ತಲೆಯ ಗೆರೆಗಳು, ರೆಕ್ಕೆಯ ಪಟ್ಟಿ, ಬಾಲ, ಕಾಲು. ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಾ ನೋಡಿದರೆ ನೆನಪಿರುತ್ತದೆ. ಫೋಟೋ ತೆಗೆಯುವುದಾದರೆ ಪಕ್ಕದಿಂದ ಒಂದಾದರೂ ಇರಲಿ. ಹಾಡು ರೆಕಾರ್ಡ್ ಮಾಡಿದ ಮೇಲೂ ಫೋನ್ ಇಳಿಸಬೇಡಿ, ಹಕ್ಕಿ ಹಾರುವಾಗ ಕೂಗುವ ಆ ಒಂದು ಚೂರು ಸದ್ದು ಮುಖ್ಯ. ಹಾಡು ಕೇಳಿಸಿ ಹಕ್ಕಿಯನ್ನು ಹತ್ತಿರಕ್ಕೆ ಕರೆಯುವುದು ಬೇಡ. ಬೆರಕೆ ಪಟ್ಟಿಯಲ್ಲಿ ಅದು ಎರಡೂ ಹಾಡಿಗೆ ಓಗೊಡಬಹುದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಗೂಡಿನ ಕಾಲದಲ್ಲಿ ಅದಕ್ಕೆ ವೃಥಾ ಆತಂಕ ಬೇರೆ.

ಗುರುತುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಹೆಸರು ಕಟ್ಟಲೇಬೇಕೆಂಬ ಹಟ ಬೇಡ. ಜಗತ್ತಿನಾದ್ಯಂತ ಜನ ಹಕ್ಕಿ ದಾಖಲೆ ಹಾಕುವ ಇ-ಬರ್ಡ್ ತಾಣದಲ್ಲಿ ಇದಕ್ಕೆಂದೇ ಜೋಡಿ ಹೆಸರುಗಳಿವೆ. ಕೆರೊಲಿನಾ ಅಥವಾ ಕಪ್ಪುನೆತ್ತಿ ಚಿಕಡೀ ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಗಡಿ ಎಲ್ಲಿಗೆ ಸರಿಯುತ್ತಿದೆ ಎಂದು ಲೆಕ್ಕ ಹಾಕುವವರಿಗೆ ತಪ್ಪು ಹೆಸರಿಗಿಂತ ಈ ಅರೆಖಚಿತ ಸಾಲು ಹೆಚ್ಚು ಉಪಕಾರಿ. ಹೆಸರಿನ ಜೊತೆ ಕಂಡದ್ದನ್ನೂ ಬರೆಯಿರಿ.

1805ರ ಜೂನ್‌ನಲ್ಲಿ ಅಮೆರಿಕದ ಪಶ್ಚಿಮಕ್ಕೆ ಅನ್ವೇಷಣೆಗೆ ಹೊರಟಿದ್ದ ಮೆರಿವೆದರ್ ಲೂಯಿಸ್ ಹೀಗೇ ಮಾಡಿದರು. ತಮ್ಮ ಕಡೆಯ ಹಳದಿ ಎದೆಯ ಹಕ್ಕಿಯನ್ನೇ ಹೋಲುವ ಹಕ್ಕಿಯೊಂದನ್ನು ಕಂಡು ಬಾಲದ ಆಕಾರ ಬೇರೆ, ಕೊಕ್ಕು ಸ್ವಲ್ಪ ಉದ್ದ, ದನಿ ಬಹಳ ಬೇರೆ ಎಂದು ದಿನಚರಿಯಲ್ಲಿ ಬರೆದಿಟ್ಟರು. ಯಾರೂ ಕಿವಿಗೊಡಲಿಲ್ಲ. 1844ರಲ್ಲಿ ಹಕ್ಕಿಗಳ ಚಿತ್ರಕಾರ ಆಡುಬಾನ್ ಅದಕ್ಕೆ, ಅಂದರೆ ಪಶ್ಚಿಮದ ಮೆಡೋಲಾರ್ಕ್‌ಗೆ, ಪ್ರತ್ಯೇಕ ಸ್ಥಾನ ಕೊಟ್ಟಾಗ ವೈಜ್ಞಾನಿಕ ಹೆಸರಿನಲ್ಲಿ ಕಡೆಗಣಿಸಲ್ಪಟ್ಟದ್ದು ಎಂಬ ಅರ್ಥದ ನೆಗ್ಲೆಕ್ಟಾ ಎಂಬ ಪದವನ್ನೇ ಸೇರಿಸಿದರು. 2022ರಲ್ಲಿ ನೈಋತ್ಯ ಭಾಗದ ಮೆಡೋಲಾರ್ಕ್‌ಗಳೂ ಚಿಹುವಾಹುವನ್ ಎಂಬ ಬೇರೆ ಪ್ರಭೇದವಾದವು. ಇವುಗಳ ಬಾಲದಲ್ಲಿ ಬಿಳಿ ಹೆಚ್ಚು. ಅಲ್ಲಿ ಓಡಾಡಿದವರ ಹಳೆಯ ಟಿಪ್ಪಣಿಯಲ್ಲಿ ಬಾಲದ ಬಿಳಿ ಎಷ್ಟಿತ್ತು, ಕೂಗು ಹೇಗಿತ್ತು ಎಂದು ಒಂದು ಸಾಲು ಇದ್ದರೆ ಆ ಹಕ್ಕಿ ಯಾವುದೆಂದು ಇವತ್ತೂ ತೀರ್ಮಾನಿಸಬಹುದು. ಬರೀ ಹೆಸರು ಇದ್ದ ಕಡೆ ಮತ್ತೆ ನೋಡಲು ಏನೂ ಉಳಿದಿಲ್ಲ.